ಚಿಗವ್ವ ಕುಡಿದ ಶಂಖದ ನೀರು

ನಮ್ಮ ಮನೆಗೆ ಆ ಶಂಖ ಬಂದದ್ದು ಉಪ್ಪಿನ ಲಾರಿಯಲ್ಲಿ. ಅಪ್ಪನ ತಮ್ಮ, ನಮ್ಮ ಕಾಕಾ, ಹುಬ್ಬಳ್ಳಿಯ ಸಾಹುಕಾರರೊಬ್ಬರ ಲಾರಿ ಓಡಿಸುತ್ತಿದ್ದ. ಅಂಕೋಲೆಯ ಕಡೆಯಿಂದ ಉಪ್ಪಿನ ಚೀಲ ತುಂಬಿಕೊಂಡು ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿಗೆ ಮುಟ್ಟಿಸುವುದು ಅವನ ಕೆಲಸ. ದಾರಿಯಲ್ಲಿ ಒಂದು ತಾಸು ಬಿಡುವು ಸಿಕ್ಕರೆ ಮಿಶ್ರಿಕೋಟಿಯ ಸಮೀಪದ ನಮ್ಮ ಊರಿಗೆ ಬಂದು ಉಂಡು ಹೋಗುತ್ತಿದ್ದ. ಬರುವಾಗ ಬರಿಗೈಲಿ ಬಂದವನಲ್ಲ. ಒಮ್ಮೆ ಗೇರುಬೀಜ, ಒಮ್ಮೆ ಕೋಕಂ ಸಿಪ್ಪೆ, ಒಮ್ಮೆ ಒಂದು ಗೋಣಿ ತೆಂಗಿನಕಾಯಿ. ಆ ಸಲ ಮಾತ್ರ ಹಳೆಯ ಟಾವೆಲ್ಲಿನಲ್ಲಿ ಸುತ್ತಿದ ಗಂಟೊಂದನ್ನು ತಂದು ಪಡಸಾಲೆಯಲ್ಲಿ ಕುಳಿತಿದ್ದ ತನ್ನ ತಾಯಿಯ ಮುಂದೆ ಇಟ್ಟ. ಅವಳನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು.

"ಬಲಮುರಿ ಶಂಖ ಐತೆವ್ವ ಇದು. ಸಾವಿರದಾಗ ಒಂದ ಸಿಗತೈತಂತ. ಅಲ್ಲೆ ಸಮುದ್ರದ ದಂಡಿಮ್ಯಾಲ ಒಬ್ಬಾಂವ ಕೊಟ್ಟ."

ಆಯಿ ಎರಡೂ ಕೈಯಿಂದ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಒಂದು ಗೇಣಿಗಿಂತ ತುಸು ಕಡಿಮೆ ಉದ್ದ ಇತ್ತು. ನಾನು ಕ್ಯಾಲೆಂಡರಿನ ಚಿತ್ರಗಳಲ್ಲಿ ನೋಡಿದ ಹಾಲಿನಂಥ ಬಿಳಿ ಶಂಖ ಅದಾಗಿರಲಿಲ್ಲ. ಕಂದು ಬಣ್ಣ, ಹೆಗಲ ಮೇಲೆ ಮೊಂಡು ಗಂಟುಗಳು, ಅಲ್ಲಲ್ಲಿ ಕತ್ತದ ನಾರಿನಂಥ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಬಾಯೊಳಗೆ ಮಾತ್ರ ಕಿತ್ತಳೆ ಬಣ್ಣದ ಹೊಳಪು. ನನಗೆ ಮೊದಲ ನೋಟಕ್ಕೇ ಅದು ಸೇರಲಿಲ್ಲ. ಆದರೆ ನಾನು ಆಗ ಹುಬ್ಬಳ್ಳಿಯ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದ ಹುಡುಗಿ. ದೇವರ ಜಗಲಿಯ ವಿಷಯದಲ್ಲಿ ನನ್ನ ಮಾತನ್ನು ಕೇಳುವವರು ಯಾರು?

ಎಂಬತ್ತರ ದಶಕದ ನಡುವಿನ ಮಾತು ಇದು. ಕಾಕಾನ ಮದುವೆಯಾಗಿ ಏಳು ವರ್ಷ ಆಗಿತ್ತು, ಮಕ್ಕಳಿರಲಿಲ್ಲ. ಅವನ ಹೆಂಡತಿ ತಂಬೂರು ಎಂಬ ಹಳ್ಳಿಯವಳು. ನಾನು ಅವಳನ್ನು ಚಿಗವ್ವ ಎನ್ನುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳಷ್ಟೆ. ನನ್ನ ಜಡೆ ಹೆಣೆಯುವವಳು, ನನ್ನ ಬಸ್ಸಿನ ಹೊತ್ತಿಗೆ ಬುತ್ತಿ ಕಟ್ಟುವವಳು ಅವಳೇ. ಮನೆಗೆ ಬಂದ ಹೆಂಗಸರು "ಇನ್ನೂ ಏನೂ ಇಲ್ಲೇನು?" ಎಂದು ಕೇಳಿದಾಗ ಎದ್ದು ಬಾವಿಯ ಕಡೆ ಹೋಗುತ್ತಿದ್ದಳು. ತುಂಬಿದ ಕೊಡವನ್ನು ಚೆಲ್ಲಿ ಮತ್ತೆ ಸೇದುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಶಂಖದಲ್ಲಿ ಸಂಜೆ ನೀರು ತುಂಬಿ, ತುಳಸಿ ಎಸಳು ಹಾಕಿ, ಜಗಲಿಯ ಮೇಲಿಟ್ಟು, ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಕುಡಿದರೆ ಗರ್ಭ ನಿಲ್ಲುತ್ತದೆ ಎಂದು ಕಾಕಾನಿಗೆ ಅದನ್ನು ಕೊಟ್ಟವನು ಹೇಳಿದ್ದನಂತೆ. ನಲವತ್ತೆಂಟು ದಿನ, ಒಂದು ದಿನವೂ ತಪ್ಪಬಾರದು. ಮುಟ್ಟಾಗಿ ಹೊರಗೆ ಕೂಡುವ ದಿನಗಳನ್ನು ಬಿಟ್ಟು ಎಣಿಸಬೇಕು. ಆಯಿ ಶಂಖವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ನಾರು ಹೋಯಿತು, ಕಂದು ಬಣ್ಣ ತುಸು ತಿಳಿಯಾಯಿತು. ಒಳಗಿನ ಸುರುಳಿಗೆ ಯಾರ ಬೆರಳೂ ಹೋಗುವಂತಿರಲಿಲ್ಲ, ಅಲ್ಲಿಗೆ ಹೋಗಬೇಕೆಂದು ಯಾರಿಗೂ ತೋಚಲೂ ಇಲ್ಲ.

ಮುಂಗಾರು ಹಿಡಿದ ವಾರ ಶುರುವಾಯಿತು. ಚಿಗವ್ವ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಜಗಲಿಯ ಮುಂದೆ ಕೂಡುತ್ತಿದ್ದಳು. ಆಯಿ ಶಂಖದ ಬಾಯಿಯನ್ನು ಅವಳ ತುಟಿಗೆ ಹಿಡಿದು ಬಗ್ಗಿಸುತ್ತಿದ್ದಳು. ಮೊದಲನೇ ದಿನ ಚಿಗವ್ವನ ಹುಬ್ಬು ಗಂಟಿಕ್ಕಿದ್ದು ನನಗೆ ನೆನಪಿದೆ.

"ಏನೋ ವಾಸನಿ ಬರತೈತ್ರಿ ಅತ್ತಿ," ಅಂದಳು.

"ಸಮುದ್ರದ ವಾಸನಿ ಅದು. ಸಮುದ್ರದಾಗ ಹುಟ್ಟಿದ್ದಲ್ಲೇನ? ಕಣ್ ಮುಚ್ಚಿ ಕುಡಿಬೇ."

ಅವಳು ಕಣ್ಣು ಮುಚ್ಚಿ ಕುಡಿದಳು. ಮರುದಿನದಿಂದ ಆಯಿ ನೀರಿಗೆ ಒಂದು ಚೂರು ಪಚ್ಚಕರ್ಪೂರ ಹಾಕತೊಡಗಿದಳು. ಚಿಗವ್ವ ಆಮೇಲೆ ವಾಸನೆಯ ಮಾತು ತೆಗೆಯಲಿಲ್ಲ.

ಮಳೆ ಹೆಚ್ಚಿದಂತೆ ದೇವರ ಕೋಣೆಯಲ್ಲಿ ಏನೋ ಒಂದು ಬದಲಾಗುತ್ತ ಬಂತು. ನಮ್ಮದು ಕೋಳಿ ತತ್ತಿಯನ್ನೂ ಒಳಗೆ ತರದ ಮನೆ. ಅಲ್ಲಿ ಊದುಬತ್ತಿ, ಎಣ್ಣೆ, ಹಳೆಯ ಹೂವು, ಇಷ್ಟರದೇ ವಾಸನೆ. ಈಗ ಅದರ ಕೆಳಗೆ ಇನ್ನೊಂದು ಸೇರಿಕೊಂಡಿತು. ಹುಬ್ಬಳ್ಳಿಯ ಬಸ್ಸಿನಲ್ಲಿ ಒಮ್ಮೊಮ್ಮೆ ಕಾರವಾರದಿಂದ ಬಂದವರ ಬುಟ್ಟಿ ಪಕ್ಕಕ್ಕಿದ್ದರೆ ಬರುತ್ತಿದ್ದ ವಾಸನೆಯೂ ಅಲ್ಲ, ಅದಾದರೂ ತಾಜಾ ಮೀನಿನದು. ಇದು ಸತ್ತ ಇಲಿ ಗೋಡೆಯ ಸಂದಿಯಲ್ಲಿ ಸಿಕ್ಕಿಕೊಂಡಾಗಿನಂಥದು. ಅವ್ವ ಎರಡು ಸಲ ಅಟ್ಟದ ಮೇಲೆ ಹತ್ತಿ ಇಲಿ ಹುಡುಕಿದಳು. ಸಿಗಲಿಲ್ಲ. ಶಂಖದ ಸುತ್ತ ಸಣ್ಣ ನೊಣಗಳು ಕೂಡತೊಡಗಿದವು. ತೀರ್ಥದ ಸಿಹಿಗೆ ಬಂದಿರಬೇಕು ಎಂದು ಆಯಿ ಬೀಸಣಿಗೆ ಆಡಿಸಿದಳು. ಅದರಲ್ಲಿ ಸಿಹಿ ಏನೂ ಇರಲಿಲ್ಲ.

ಇಪ್ಪತ್ತು ದಿನವಾಗಿತ್ತೋ ಏನೋ, ಚಿಗವ್ವನಿಗೆ ವಾಂತಿ ಶುರುವಾಯಿತು. ಬೆಳಿಗ್ಗೆ ಬಚ್ಚಲಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ರೊಟ್ಟಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಬರೇ ಮಜ್ಜಿಗೆ ಅನ್ನ, ಅದೂ ನಾಲ್ಕು ತುತ್ತು. ಆ ತಿಂಗಳು ಹೊರಗೆ ಕೂಡುವ ದಿನ ಬಂದು ಹೋಯಿತು, ಅವಳು ಕೂಡಲಿಲ್ಲ. ಒಂದು ವಾರ ಕಳೆಯಿತು. ಹತ್ತು ದಿನ ಆಯಿತು.

ಆಯಿಯ ನಡಿಗೆಯೇ ಬದಲಾಯಿತು. ಓಣಿಯ ನಾಲ್ಕು ಮನೆಗೆ ಸಕ್ಕರೆ ಹಂಚಿ ಬಂದಳು. ತಂಬೂರಿಗೆ ಹೇಳಿಕಳಿಸಿದಳು. ಚಿಗವ್ವನ ತಾಯಿ ಡಬ್ಬಿಯಲ್ಲಿ ಬೆಲ್ಲದ ಮಾದಲಿ ತುಂಬಿಕೊಂಡು ಬಸ್ಸಿನಿಂದ ಇಳಿದು ಬಂದು ಮಗಳ ಗಲ್ಲ ಹಿಡಿದು ಅತ್ತರು. ಕಾಕಾ ಬಂದಾಗ ಊಟಕ್ಕೆ ಕುಳಿತು ಸುಮ್ಮನೆ ನಗುತ್ತಿದ್ದ. ಚಿಗವ್ವನ ಕಣ್ಣಿನ ಕೆಳಗೆ ಕಪ್ಪಾಗಿತ್ತು, ಬಳೆಗಳು ಮೊಣಕೈವರೆಗೆ ಸರಿಯುತ್ತಿದ್ದವು. ಆದರೂ ಆ ದಿನಗಳಲ್ಲಿ ಅವಳ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ಕಳೆ ಇತ್ತು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

"ನೀರ ಬಿಡಬಾರದು. ನಲವತ್ತೆಂಟು ತುಂಬಲೇಬೇಕು," ಅಂದಳು ಆಯಿ. ಬಿಡಲಿಲ್ಲ.

ಒಂದು ಭಾನುವಾರ ಬಮ್ಮಿಗಟ್ಟಿಯಲ್ಲಿ ಬಳಗದವರೊಬ್ಬರು ತೀರಿಕೊಂಡ ಸುದ್ದಿ ಬಂದು ಆಯಿ, ಅಪ್ಪ, ಅವ್ವ ಮೂವರೂ ಹೋದರು. ಹೋಗುವಾಗ ಆಯಿ ನನ್ನನ್ನು ಕರೆದು, "ನೀ ಸ್ನಾನ ಮಾಡಿ ಶಂಖ ತೊಳದ ಇಡು. ಹೊತ್ತು ಮುಳುಗೂದ್ರಾಗ ಬಂದು ಜಳಕಾ ಮಾಡಿ ನೀರ ನಾನ ತುಂಬತೀನಿ," ಅಂದಳು. ಆವರೆಗೆ ಅದನ್ನು ಅವಳಲ್ಲದೆ ಬೇರೆ ಯಾರೂ ಮುಟ್ಟಿರಲಿಲ್ಲ.

ಬಾವಿಯ ಕಟ್ಟೆಯ ಮೇಲೆ ಕುಳಿತು ಬೆಳಿಗ್ಗೆ ಕುಡಿದು ಉಳಿದ ನೀರನ್ನು ಚೆಲ್ಲಲು ಶಂಖವನ್ನು ಮಗುಚಿದೆ. ಬಂದದ್ದು ನೀರಲ್ಲ. ಬೂದು ಬಣ್ಣದ ಲೋಳೆ ದಾರದಂತೆ ಜೋತುಬಿದ್ದು, ಕಡಿದು, ನನ್ನ ಕಾಲಿನ ಮೇಲೆ ಬಿತ್ತು. ಅದರ ಜೊತೆ ಬಂದ ವಾಸನೆಯನ್ನು ನಾನು ಹೇಗೆ ಬರೆಯಲಿ? ಜಗಲಿಯ ಮೇಲೆ ಊದುಬತ್ತಿಯ ಮಗ್ಗುಲಲ್ಲಿ ಅಡಗಿ ಕುಳಿತಿದ್ದದ್ದು ಬಯಲಿಗೆ ಬಂದ ಕೂಡಲೇ ಹಿತ್ತಲನ್ನೆಲ್ಲ ತುಂಬಿತು. ಮೂಗಿಗೆ ಸೆರಗು ಕಟ್ಟಿಕೊಂಡು ಕೊಡದಿಂದ ನೀರು ಹೊಯ್ದು ಹೊಯ್ದು ಅಲುಗಾಡಿಸಿದೆ. ಒಳಗೆ ಏನೋ ಮೆತ್ತಗೆ ಹೊರಳಿದ ಸದ್ದು.

ಹಳೆಯ ಛತ್ರಿಯ ಕಡ್ಡಿ ಮುರಿದು, ತುದಿಯನ್ನು ಕಲ್ಲಿನಿಂದ ಕುಟ್ಟಿ ಕೊಕ್ಕೆ ಮಾಡಿದೆ. ಸುರುಳಿಯ ಗುಂಟ ತಿರುಗಿಸುತ್ತ ಒಳಗೆ ಬಿಟ್ಟು ಎಳೆದೆ. ಮೊದಲು ಕಪ್ಪು ಚೂರುಗಳು ಬಂದವು. ಆಮೇಲೆ ಸ್ವಲ್ಪ ತಡೆದು, ಬಾಟಲಿಯ ಬೂಚು ಕಿತ್ತಂತೆ, ಒಂದು ಮುದ್ದೆ ಬಂತು. ನನ್ನ ಹೆಬ್ಬೆರಳಿನಷ್ಟು ದಪ್ಪ, ಶಂಖದ ಸುರುಳಿಯ ಆಕಾರದಲ್ಲೇ ತಿರುಚಿಕೊಂಡದ್ದು, ಹಸಿರುಗಪ್ಪು, ಒಂದು ಕಡೆ ಒಡೆದು ಒಳಗಿನ ಕೆಸರಿನಂಥದು ಸೋರುತ್ತಿತ್ತು. ಅದು ಕಲ್ಲಿನ ಮೇಲೆ ಬಿದ್ದು ಅಲ್ಲೇ ಚಪ್ಪಟೆಯಾಯಿತು. ಅದರ ಮಡಿಕೆಗಳಲ್ಲಿ ಬಿಳಿ ಹುಳ ಹರಿದಾಡುತ್ತಿದ್ದವು. ನಾನು ಅಲ್ಲೇ ಪಕ್ಕಕ್ಕೆ ಬಾಗಿ ಬೆಳಗಿನ ಅವಲಕ್ಕಿಯನ್ನೆಲ್ಲ ಕಾರಿಕೊಂಡೆ.

ತಲೆ ಎತ್ತಿದಾಗ ಚಿಗವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ನಾನು ವಾಂತಿ ಮಾಡಿದ ಸದ್ದಿಗೆ ಎದ್ದು ಬಂದಿರಬೇಕು. ಕಲ್ಲಿನ ಮೇಲಿದ್ದುದನ್ನು ನೋಡಿದಳು. ಶಂಖವನ್ನು ನೋಡಿದಳು. ಹತ್ತಿರ ಬಂದು ಕೂತಳು.

"ಇದರಾಗ ಇತ್ತೇನು?" ಅಂದಳು.

"ಹೂಂ."

"ಮೊದಲನೇ ದಿನಾನ ನನಗ ಗೊತ್ತಾಗಿತ್ತು ತಂಗಿ. ಏನೋ ಸತ್ತದ್ದು ಐತಿ ಅಂತ."

"ಗೊತ್ತಿದ್ದೂ ಕುಡದೆಲ್ಲ ಚಿಗವ್ವ? ಇಷ್ಟು ದಿನ?"

"ಒಲ್ಲೆ ಅಂದ್ರ ಏನಂತಿದ್ರು? ಇಕಿಗೆ ಮಕ್ಕಳ ಬ್ಯಾಡಾಗ್ಯಾವು ಅಂತಿದ್ರು."

ಆಯಿ ಬಂದ ಕೂಡಲೇ ಹೇಳುತ್ತೇನೆ ಎಂದೆ. ಅವಳು ನನ್ನ ಮುಂಗೈ ಹಿಡಿದಳು. ಕೈ ಬಿಸಿಯಾಗಿತ್ತು, ಜ್ವರವಿತ್ತು.

"ಈಗ ಬ್ಯಾಡ. ನಾಕ ದಿನ ತಡಿ. ಹೊಟ್ಯಾಗ ಏನರ ನಿಂತಿದ್ರ, ಹೆಂಗ ನಿಂತಿದ್ರ ಏನಾತು?"

ನಾನು ಒಪ್ಪಿ, ಶಂಖ ತೊಳೆದು ಜಗಲಿಯ ಮೇಲೆ ಇಟ್ಟೆ. ಮರುದಿನ ಬೆಳಿಗ್ಗೆ ಬುತ್ತಿ ಹಿಡಿದು ಹೊರಟವಳು ದೇವರ ಕೋಣೆಯ ಬಾಗಿಲಲ್ಲಿ ನಿಂತೆ. ಆಯಿ ಶಂಖ ಬಗ್ಗಿಸಿದಳು, ಚಿಗವ್ವ ಕಣ್ಣು ಮುಚ್ಚಿ ಕುಡಿದಳು. ಅವಳ ಗಂಟಲು ಮೇಲೆ ಕೆಳಗೆ ಆಡಿದ್ದನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ. ಆ ಕ್ಷಣದಲ್ಲಿ ನನ್ನ ಮೇಲೆ ನನಗೆ ಹುಟ್ಟಿದ ಹೇಸಿಗೆ ಕಲ್ಲಿನ ಮೇಲೆ ಬಿದ್ದ ಮುದ್ದೆಯ ಮೇಲಿನದಕ್ಕಿಂತ ಕಡಿಮೆಯದಲ್ಲ.

ಆ ಮುದ್ದೆಯ ಒಂದು ಚೂರನ್ನು ಖಾಲಿ ಔಷಧಿ ಬಾಟಲಿಯಲ್ಲಿ ಹಾಕಿ ಬಿರಡೆ ಬಿಗಿದು ಕಾಲೇಜಿಗೆ ಒಯ್ದಿದ್ದೆ. ಪ್ರಾಣಿಶಾಸ್ತ್ರ ಹೇಳುವ ಮೇಡಂ ಧಾರವಾಡದವರು, ಸಾವಕಾಶವಾಗಿ ಮಾತಾಡುವವರು. ಬಾಟಲಿಯ ಬಿರಡೆ ತೆಗೆದು ಕೂಡಲೇ ಮುಚ್ಚಿದರು.

"ಎಲ್ಲಿ ಸಿಕ್ತವಾ ನಿನಗ ಇದು?"

ಶಂಖದ ಆಕಾರ, ಗಂಟುಗಳು, ನಾರು, ಕಿತ್ತಳೆ ಬಾಯಿ, ಎಲ್ಲ ಹೇಳಿದೆ. ಚಿಗವ್ವನ ಸುದ್ದಿ ಮಾತ್ರ ಹೇಳಲಿಲ್ಲ. ಅವರು ಕಪಾಟಿನಿಂದ ಒಂದು ಗಾಜಿನ ಜಾಡಿ ತೆಗೆದು ಮೇಜಿನ ಮೇಲಿಟ್ಟರು. ಅದರೊಳಗೆ ಅಂಥದೇ ಒಂದು ಕಂದು ಚಿಪ್ಪು, ಅದರ ಬಾಯಿಂದ ಅರ್ಧ ಹೊರಬಂದ ಕರಿಯ ಮಾಂಸದ ಪಾದ, ಪಾದದ ಮೇಲಿನಿಂದ ಚಾಚಿಕೊಂಡ ಬೆರಳಿನಂಥ ಸೊಂಡಿಲು.

"ಇದು ಪೂಜಾ ಶಂಖ ಅಲ್ಲ. ಅದರ ದೂರದ ಬಳಗ. ಹೊಳಿ ಸಮುದ್ರ ಕೂಡೋ ಕಡೆ ರಾಡಿಯೊಳಗ ಇರತೈತಿ. ಬ್ಯಾಟಿ ಆಡೋ ಬಸವನಹುಳ ಇದು."

ಬಸವನಹುಳು ಬೇಟೆ ಆಡುವುದೆಂದರೆ ನನಗೆ ನಗು ಬರಬೇಕಿತ್ತು. ನಮ್ಮ ಭತ್ತದ ಗದ್ದೆಯ ಬದುವಿನಲ್ಲಿ ಎಲೆ ಮೇಯುತ್ತ ಹೋಗುವವನ್ನೇ ನಾನು ಕಂಡದ್ದು. ಮೇಡಂ ತಾವು ಓದುವಾಗ ಕಾರವಾರದ ಕಡೆ ನೋಡಿದ್ದನ್ನು ಹೇಳಿದರು. ಅದು ರಾಡಿಯಲ್ಲಿ ವಾಸನೆ ಹಿಡಿದು ಕಪ್ಪೆಚಿಪ್ಪಿನ ಬಳಿ ಬರುತ್ತದೆ. ಪಾದದಿಂದ ಅದನ್ನು ಅಪ್ಪಿ ಹಿಡಿದು ಕೂಡುತ್ತದೆ. ಅವಸರ ಮಾಡುವುದಿಲ್ಲ. ಉಸಿರಿಗೆಂದು ಚಿಪ್ಪು ಕೂದಲೆಳೆಯಷ್ಟು ಬಾಯಿ ತೆರೆದರೆ ಸಾಕು, ಸೊಂಡಿಲು ಒಳಗೆ. ಸೊಂಡಿಲಿನ ತುದಿಯಲ್ಲಿ ನಾಲಗೆ, ನಾಲಗೆಯ ಮೇಲೆ ಸಾಲು ಸಾಲು ಹಲ್ಲು. ಒಳಗಿನ ಜೀವವನ್ನು ಜೀವಂತ ಇರುವಾಗಲೇ ಕೆರೆದು ಕೆರೆದು ತಿನ್ನುತ್ತದೆ. ತಾಸುಗಟ್ಟಲೆ ತಿನ್ನುತ್ತದೆ. ಕೊನೆಗೆ ಖಾಲಿ ಚಿಪ್ಪು ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ.

ನಾಲಗೆ ಹೇಗಿರುತ್ತದೆಂದು ತೋರಿಸಲು ಕೆರೆಯ ಬಸವನಹುಳುವಿನ ನಾಲಗೆಯ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಅರದಂತೆ, ಒಂದರ ಹಿಂದೆ ಒಂದು ಬಾಗಿದ ಮುಳ್ಳು. ಬೇಟೆಯವುಗಳದು ಇದಕ್ಕಿಂತ ಚೂಪು ಎಂದರು.

"ಪೂಜಾ ಶಂಖದ ಹುಳಾನೂ ಮಾಂಸ ತಿನ್ನೋದ. ಸಮುದ್ರದ ತಳದಾಗಿನ ಹುಳಗಳನ್ನ ಎಳದು ನುಂಗತೈತಿ," ಅಂದರು. "ಮಾರೋರು ಮುಂದಿನ ಮಾಂಸ ಕಿತ್ತು ತಗೀತಾರ. ಹಿಂದಿನ ಸುರುಳ್ಯಾಗ ಕರುಳು, ಪಿತ್ತ ಎಲ್ಲಾ ಉಳದುಬಿಡತಾವು. ಒಣಗಿದ್ರ ವಾಸನಿ ಬರಂಗಿಲ್ಲ. ನೀರು ಬಿದ್ರ ಮತ್ತ ಕೊಳೀತಾವು."

ಆಗ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಅವರು ಜಾಡಿಯನ್ನು ಪಕ್ಕಕ್ಕೆ ಸರಿಸಿದರು.

"ಬಸುರಿದ್ರೂ ಇಲ್ಲದಿದ್ರೂ ಆಕಿನ್ನ ಇವತ್ತ ಡಾಕ್ಟರ ಕಡೆ ಕರಕೊಂಡ ಹೋಗ್ರಿ. ಇನ್ನೊಂದ ಹನಿ ಕುಡಸಬ್ಯಾಡ್ರಿ."

ಊರಿಗೆ ಬಂದಾಗ ಸಂಜೆಯಾಗಿತ್ತು. ಚಿಗವ್ವ ಹಿತ್ತಲ ಕಡೆಯ ಕಟ್ಟೆಯ ಮೇಲೆ, ಬೇರೆ ಚಾಪೆಯ ಮೇಲೆ, ಗೋಡೆಗೆ ಒರಗಿ ಕುಳಿತಿದ್ದಳು. ಪಕ್ಕದಲ್ಲಿ ಬೇರೆ ತಂಬಿಗೆ. ಯಾರೂ ನನಗೆ ಏನನ್ನೂ ಹೇಳಬೇಕಾಗಿರಲಿಲ್ಲ. ಅವಳು ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು, ಅಷ್ಟೆ. ಒಳಗೆ ಆಯಿ ಅಕ್ಕಿ ಆರಿಸುತ್ತ ಗೊಣಗುತ್ತಿದ್ದಳು.

"ಕಾಲೇಜಿಗೆ ಹೋಗೋ ಹುಡಿಗಿ ಕೈಯಾಗ ಕೊಟ್ಟದ್ದು ನಂದ ತಪ್ಪು. ಮೈಲಿಗಿ ಆತು. ನಿಂತದ್ದು ಜಾರಿತು."

ನಾನು ಬಾಟಲಿಯನ್ನು ಅವಳ ಮುಂದಿಟ್ಟು ಶಂಖದೊಳಗಿಂದ ಏನು ಬಂತೆಂದೂ ಚಿಗವ್ವನನ್ನು ಡಾಕ್ಟರ ಬಳಿ ಒಯ್ಯಬೇಕೆಂದು ಮೇಡಂ ಅಂದದ್ದನ್ನೂ ಹೇಳಿದೆ. ಅವಳು ಬಾಟಲಿಯ ಕಡೆ ನೋಡಲೇ ಇಲ್ಲ. ದೇವರ ವಸ್ತುವಿನ ಮೇಲೆ ಇಂಥ ಮಾತು ಆಡಬೇಡ ಎಂದಳು. ಅಪ್ಪ ಬಾಟಲಿಯನ್ನು ತೆಗೆದುಕೊಂಡು ಹೋಗಿ ಹಿತ್ತಲಲ್ಲಿ ಹುಗಿದ. ಚಿಗವ್ವನಿಗೆ ಕಲಘಟಗಿಯಿಂದ ಗುಳಿಗೆ ತಂದುಕೊಟ್ಟ. ಆದರೆ ತಾಯಿಗೆ ಎದುರಾಡಲಿಲ್ಲ.

ಐದನೇ ದಿನ ಚಿಗವ್ವ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಹಿಂದಿನ ರಾತ್ರಿ ಕಾಕಾನೂ ಬಂದಿದ್ದ, ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ. ಆಯಿ ಯಾವ ಮಾತೂ ಇಲ್ಲದೆ ಜಗಲಿಯ ಮೇಲಿಂದ ಶಂಖ ಎತ್ತಿಕೊಂಡಳು. ಹಿಂದಿನ ಸಂಜೆಯೇ ನೀರು ತುಂಬಿಟ್ಟಿದ್ದಳು. ಮುದ್ದೆ ಹೊರಗೆ ಬಂದಿದ್ದರೂ ಚೂರುಗಳು ಒಳಗೆ ಅಂಟಿಕೊಂಡೇ ಇದ್ದವು, ನಾಲ್ಕು ದಿನ ಬಿಸಿಲಿಲ್ಲದ ಕೋಣೆಯಲ್ಲಿ ಮತ್ತೆ ಕೊಳೆತಿದ್ದವು. ಬಾಗಿಲಲ್ಲಿ ನಿಂತ ನನಗೇ ವಾಸನೆ ಬಡಿಯಿತು.

ಚಿಗವ್ವ ಆಯಿಯ ಕೈಯಿಂದ ಶಂಖವನ್ನು ತಾನೇ ತೆಗೆದುಕೊಂಡಳು. ತುಟಿಗೆ ಒಯ್ಯಲಿಲ್ಲ. ಆಯಿಯ ಕಡೆಗೇ ಹಿಡಿದಳು.

"ಮೊದಲ ನೀವು ಒಂದ ಗುಟುಕು ತಗೋರಿ ಅತ್ತಿ. ಆಮ್ಯಾಲ ನಾ ಕುಡೀತೀನಿ."

ಅವಳ ದನಿ ಏರಿರಲಿಲ್ಲ. ಕಾಕಾ ಚಹಾದ ಬಸಿ ಕೆಳಗಿಟ್ಟು ಎದ್ದು ಬಂದು ನನ್ನ ಹಿಂದೆ ನಿಂತ. ಆಯಿ ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಹಟದ ಹೆಂಗಸು ಅವಳು. ಶಂಖ ಇಸಿದುಕೊಂಡು ಬಾಯಿಗೆ ಬಗ್ಗಿಸಿಕೊಂಡಳು.

ನೀರು ಬಾಯಿಗೆ ಹೋಯಿತು, ಗಂಟಲಿಗೆ ಇಳಿಯಲಿಲ್ಲ. ಕೆನ್ನೆ ಉಬ್ಬಿ ನಿಂತಿತು. ಕಣ್ಣುಗಳು ಅಗಲವಾದವು, ನೀರು ತುಂಬಿಕೊಂಡವು. ಶಂಖವನ್ನು ಅಲ್ಲೇ ಕೆಳಗೆ ಬಿಟ್ಟು, ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ನಮ್ಮಿಬ್ಬರನ್ನೂ ತಳ್ಳಿ ಬಚ್ಚಲಿಗೆ ಓಡಿದಳು. ಅವಳು ಉಗುಳಿದ್ದು, ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದ್ದು, ಆಮೇಲೆ ಹೊಟ್ಟೆಯಿಂದಲೇ ಓಕರಿಸಿದ್ದು ಎಲ್ಲ ಕೇಳಿಸಿತು. ಚಿಗವ್ವ ಹೋಗಿ ಬೆನ್ನು ನೀವಿದಳು. ನನ್ನಿಂದ ಅದು ಆಗುತ್ತಿರಲಿಲ್ಲ.

ಕಾಕಾ ಶಂಖವನ್ನು ಎತ್ತಿ ಮೂಸಿ ನೋಡಿದ. ಅವನ ಮುಖ ಸುಣ್ಣದಂತಾಯಿತು. ಹೆಂಡತಿ ಬಚ್ಚಲಿಂದ ಬಂದಾಗ, "ಇದನ್ನ ಕುಡಿದೇನು ನೀ?" ಎಂದು ಕೇಳಿದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಶಂಖವಿಟ್ಟು ಕೊಡಲಿಯ ಹಿಂಬದಿಯಿಂದ ಹೊಡೆದ. ನಾಲ್ಕನೇ ಏಟಿಗೆ ಒಡೆಯಿತು. ಒಳಗಿನ ಸುರುಳಿಯ ಮೆಟ್ಟಿಲುಗಳಲ್ಲಿ ಕಪ್ಪು ಪಾಚಿಯಂಥದು ಕೊನೆಯವರೆಗೂ ಹತ್ತಿಕೊಂಡಿತ್ತು. ಆಯಿ ಬಾಗಿಲಲ್ಲಿ ನಿಂತು ನೋಡಿದಳು. ಬೇಡ ಎನ್ನಲಿಲ್ಲ.

ಅದೇ ದಿನ ಕಾಕಾ ಲಾರಿಯಲ್ಲಿ ತನ್ನ ಬಾಜು ಚಿಗವ್ವನನ್ನು ಕೂರಿಸಿಕೊಂಡು ಹುಬ್ಬಳ್ಳಿಗೆ ಹೋದ. ಹೊಟ್ಟೆಯ ನಂಜು ಇಳಿಯಲು ಅವಳಿಗೆ ತಿಂಗಳ ಮೇಲೆ ಹಿಡಿಯಿತು. ತಪಾಸಣೆ ಮಾಡಿದ ಡಾಕ್ಟರು ಹೆಂಡತಿಯೊಬ್ಬಳನ್ನೇ ನೋಡಿದರೆ ಆಗದು, ಗಂಡನನ್ನೂ ನೋಡಬೇಕು ಎಂದರಂತೆ. ಕಾಕಾ ಒಪ್ಪಿದ. ಆ ಕಾಲದಲ್ಲಿ, ನಮ್ಮ ಕಡೆ, ಅದು ಸಣ್ಣ ಮಾತಲ್ಲ.

ದಸರೆಗೆ ಮುಂಚಿನ ಒಂದು ಮಧ್ಯಾಹ್ನ ಊಟಕ್ಕೆ ಕುಳಿತು ಅವನು ಎಲ್ಲರ ಎದುರಿಗೆ ತಾಯಿಗೆ ಹೇಳಿದ.

"ಆಕಿದೇನೂ ಇಲ್ಲವ್ವ. ಕೊರತಿ ನಂದೈತಿ."

ಆಯಿ ಎದ್ದು ಅವನ ತಾಟಿಗೆ ತುಪ್ಪ ಬಡಿಸಿದಳು. "ದೇವರು ಕೊಟ್ಟಂಗ ಇರಬೇಕು," ಅಂದಳು. ಏಳು ವರ್ಷ ಸೊಸೆಗೆ ಒಮ್ಮೆಯೂ ಆಡದಿದ್ದ ಮಾತು ಅದು. ಯಾರೂ ಕಾಕಾನಿಗೆ ವ್ರತ ಹೇಳಲಿಲ್ಲ. ಯಾರೂ ಅವನಿಗೆ ಬರಿ ಹೊಟ್ಟೆಯಲ್ಲಿ ಯಾವ ನೀರನ್ನೂ ಕುಡಿಸಲಿಲ್ಲ. ಚಿಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೇಳಿಸಿದ್ದರೂ ತಿರುಗಿ ನೋಡಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಸ್ವಲ್ಪ ಹೊತ್ತು ನಿಂತು, ಮತ್ತೆ ಶುರುವಾಯಿತು.